ಅವ್ವನ ಕುರ್ಚಿ ಖಾಲಿಯಿದ್ದ ಮಳೆಗಾಲ

ಮೊನ್ನೆ ಸಂಜೆ ಮಳೆ ಚೆನ್ನಾಗಿಯೇ ಹೊಡೆಯಿತು. ತರಕಾರಿ ಚೀಲ ಹಿಡಿದುಕೊಂಡು ಮೂಡಲಪಾಳ್ಯದ ನಮ್ಮ ಅಪಾರ್ಟ್‌ಮೆಂಟಿನ ಒಳಗೆ ಬಂದರೆ, ವಾಚ್‌ಮನ್ ರಂಗಪ್ಪನವರು ತಮ್ಮ ರೇನ್‌ಕೋಟನ್ನು ಲಿಫ್ಟಿನ ಪಕ್ಕದ ಕಂಬಿಗೆ ನೇತುಹಾಕಿದ್ದರು. ಒದ್ದೆ ರಬ್ಬರಿನ ವಾಸನೆ, ಅದರೊಳಗೆ ಮುಗ್ಗಿದ ಬೆವರು. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು.

"ಲಿಫ್ಟ್ ಬಂದೈತೆ ಮೇಡಂ," ಎಂದರು ರಂಗಪ್ಪ.

"ಬೇಡ, ಮೆಟ್ಟಿಲಲ್ಲೇ ಹೋಗ್ತೀನಿ," ಎಂದೆ. ಎರಡೂ ಕೈಯಲ್ಲಿ ಚೀಲ, ಮಂಡಿ ನೋವು ಬೇರೆ. ಆದರೂ ಆ ವಾಸನೆಯ ಜೊತೆಗೆ ಒಂದು ಬಾಗಿಲು ಮುಚ್ಚಿಕೊಳ್ಳುವುದನ್ನು ನಾನು ಸಹಿಸಲಾರದಾಗಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಆಷಾಢದಲ್ಲಿ ಇಂಥ ರೇನ್‌ಕೋಟುಗಳು ನಮ್ಮ ಮನೆಯ ಕಾಂಪೌಂಡಿನ ಉದ್ದಕ್ಕೂ ನೇತಾಡುತ್ತಿದ್ದವು. ಆಗ ನಾವು ಬಸವೇಶ್ವರನಗರದ ಒಂದು ಕ್ರಾಸಿನಲ್ಲಿ, ಎರಡಂತಸ್ತಿನ ಕಟ್ಟಡದ ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದೆವು. ಮುಂದೆ ಒಂದು ಪೋರ್ಟಿಕೊ, ಎದೆಮಟ್ಟದ ಗೋಡೆ, ಕಬ್ಬಿಣದ ಗೇಟು. ನನ್ನ ಗಂಡ ಮಹೇಶ್ ಗೋವಿಂದರಾಜನಗರದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿದ್ದರು. ನಾನು ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಬ್ಲೌಸ್ ಹೊಲಿಯುತ್ತಿದ್ದೆ. ಅಧಿವೇಶನ ನಡೆಯುವಾಗೆಲ್ಲ ನಮ್ಮ ಜೊತೆ ಅವ್ವ ಇರುತ್ತಿದ್ದಳು. ಹಾವೇರಿ ಕಡೆಯ ಒಂದು ತಾಲ್ಲೂಕಿನ ಶಾಸಕಿ ಪಾರ್ವತೆವ್ವ ಅಂದರೆ ನನ್ನ ಅವ್ವ.

ಶಾಸಕಿ ಎಂದ ಕೂಡಲೇ ಬಿಳಿ ಕಾರು, ಹಿಂದೆ ಮುಂದೆ ಕೈಕಟ್ಟಿ ನಿಂತ ಹಿಂಬಾಲಕರು ಎಂದೆಲ್ಲ ಊಹಿಸಿಕೊಳ್ಳಬೇಡಿ. ಊರ ಕೆರೆಯನ್ನು ನುಂಗಲು ಬಂದವರ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ವರ್ಷಗಟ್ಟಲೆ ಜಗಳವಾಡಿದವಳು ಅವಳು. ಆ ಜಗಳವೇ ಅವಳನ್ನು ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿತು. ಗೆದ್ದದ್ದು ವಿರೋಧ ಪಕ್ಷದಿಂದ. ಶಾಸಕರ ಭವನದಲ್ಲಿ ಕೋಣೆ ಕೊಟ್ಟಿದ್ದರೂ ಅಲ್ಲಿರಲು ಒಪ್ಪಲಿಲ್ಲ. "ಅಲ್ಲಿ ಯಾರ ಬಾಗಿಲಾ ಯಾರೂ ಬಡಿಯೂದಿಲ್ಲ, ನನಗ ಹೊತ್ತ ಹೋಗೂದಿಲ್ಲ," ಎನ್ನುತ್ತಿದ್ದಳು.

ನಮ್ಮ ತೌರಿನಲ್ಲಿ ಒಂದು ಪದ್ಧತಿ ಇದೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಊಟದ ತಾಟು ಇಡುವ ಮೊದಲು ಮನೆಯ ಹಿರಿಯರು ಬಾಗಿಲಿಗೆ ಹೋಗಿ, ಹೊರಗೆ ಹಸಿದವರು ಯಾರಾದರೂ ಇದ್ದಾರೆಯೇ ಎಂದು ನೋಡಿ ಬರಬೇಕು. ಇದ್ದರೆ ಮೊದಲ ರೊಟ್ಟಿ ಅವರಿಗೆ. ಊರಿನಲ್ಲಿ ಇದು ನಡೆಯುತ್ತಿತ್ತು. ಬಸವೇಶ್ವರನಗರದಲ್ಲಿಯೂ ಅವ್ವ ಬಿಡಲಿಲ್ಲ. ಹಣೆತುಂಬ ವಿಭೂತಿ ಹಚ್ಚಿಕೊಂಡು ಗೇಟಿನ ಹತ್ತಿರ ಹೋಗಿ ರಸ್ತೆಯ ಆಚೆ ಈಚೆ ನೋಡುವಳು. ಕಸದ ಆಟೊದವರು ಸಿಕ್ಕರೆ ಅವರಿಗೆ, ಹೂವಿನವಳು ಸಿಕ್ಕರೆ ಅವಳಿಗೆ. ಮಹೇಶ್ ಆಗಾಗ ರೇಗಿಸುತ್ತಿದ್ದರು: "ಅತ್ತೆ, ನಿನ್ನೆ ಕೊರಿಯರ್‌ನವನಿಗೂ ರೊಟ್ಟಿ ಕಟ್ಟಿಕೊಟ್ರಂತೆ. ಪಾಪ, ಅವನು ಸಹಿ ಹಾಕಿಸ್ಕೊಳ್ಳೋದೇ ಮರೆತು ಹೋಗಿದ್ದಾನೆ." ಅವ್ವ ನಗುತ್ತಿದ್ದಳು. ಆ ಪದ್ಧತಿ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು.

ಆ ವರ್ಷ ಮಳೆಗಾಲದ ಶುರುವಿನಲ್ಲಿ ಆಡಳಿತ ಪಕ್ಷದ ಕೆಲವು ಶಾಸಕರು ಮುನಿಸಿಕೊಂಡರು. ಸರ್ಕಾರ ಬೀಳುತ್ತದೆ, ಇಲ್ಲ ಉಳಿಯುತ್ತದೆ ಎಂದು ಟಿವಿಯವರು ಹಗಲಿಡೀ ಅರಚಿದರು. ಕೊನೆಗೆ ವಿಶ್ವಾಸಮತಕ್ಕೆ ದಿನ ಗೊತ್ತಾಯಿತು. ಗೊತ್ತಾದ ಮೇಲೆ ನಮ್ಮ ರಾಜ್ಯದಲ್ಲಿ ಏನು ನಡೆಯುತ್ತದೋ ಅದೇ ನಡೆಯಿತು. ಎರಡೂ ಕಡೆಯವರು ತಂತಮ್ಮ ಶಾಸಕರನ್ನು ಬಸ್ಸಿನಲ್ಲಿ ತುಂಬಿಕೊಂಡು ರೆಸಾರ್ಟಿಗೆ ಹೊರಟರು. ಅವ್ವನಿಗೂ ಪಕ್ಷದ ನಾಯಕರ ಫೋನು ಬಂತು.

"ಕುರಿ ಹೊಡದಂಗ ಹೊಡ್ಕೊಂಡು ಹೋಗಿ ದೊಡ್ಡ್ಯಾಗ ಕೂಡಾಕ ನಾ ಏನ್ ಓಡಿ ಹೋಗ್ತೀನೇನ್ರಿ?" ಎಂದಳು ಅವ್ವ. "ಓಟಿನ ದಿನ ನಾನ ಬರ್ತೀನಿ. ನನ್ನ ಮಗಳ ಮನಿಯಿಂದ ಸಿಟಿ ಬಸ್ ಹತ್ತಿದ್ರೂ ವಿಧಾನಸೌಧ ದೂರ ಇಲ್ಲ."

ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿ, "ನಮ್ಮವರ ನಮ್ಮನ್ನ ನಂಬಂಗಿಲ್ಲ ನೋಡು," ಎಂದಳು. ನನಗೆ ಎದೆಯುಬ್ಬಿತು. ನೆರೆಮನೆಯವರಿಗೆಲ್ಲ ಹೇಳಿಕೊಂಡು ಬಂದೆ. ಎಲ್ಲರೂ ರೆಸಾರ್ಟಿನಲ್ಲಿ ಈಜುಕೊಳದ ಪಕ್ಕ ಕೂತಿರುವಾಗ ನಮ್ಮವ್ವ ಮಾತ್ರ ಮನೆಯಲ್ಲಿ ಮೆಂತ್ಯ ಸೊಪ್ಪು ಸೋಸುತ್ತಿದ್ದಾಳೆ ಎಂದು.

ಪೊಲೀಸರು ಬಂದದ್ದು ಮರುದಿನ ಬೆಳಿಗ್ಗೆ. ಕ್ರಾಸಿನ ಎರಡೂ ತುದಿಗೆ ಬ್ಯಾರಿಕೇಡ್ ಎಳೆಯುವ ಕರಕರ ಸದ್ದು ಮೊದಲು ಕೇಳಿಸಿತು. ಆಮೇಲೆ ಗೇಟಿನ ಚಿಲಕ. ಇನ್‌ಸ್ಪೆಕ್ಟರ್ ಪುಟ್ಟಸ್ವಾಮಿ ಎಂಬುವವರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕೈಮುಗಿದರು. ಅಷ್ಟು ವಿನಯದ ಪೊಲೀಸನ್ನು ನಾನು ಅದುವರೆಗೆ ನೋಡಿರಲಿಲ್ಲ.

"ನಮಸ್ಕಾರ ಅಮ್ಮ. ನಿಮಗೆ ಜೀವ ಬೆದರಿಕೆ ಇದೆ ಅಂತ ಮಾಹಿತಿ ಬಂದಿದೆ. ರಕ್ಷಣೆಗೆ ಬಂದಿದೀವಿ."

"ಯಾರಿಂದ್ರಿ?"

"ಅದನ್ನ ಹೇಳೋ ಹಂಗಿಲ್ಲ."

"ಜೀವ ನಂದು. ನನಗೂ ಹೇಳಾಕ ಬರಂಗಿಲ್ಲೇನು?"

"ಮೇಲಿಂದ ಬಂದಿರೋ ಆರ್ಡರ್ ಅಮ್ಮ. ಓಟಿಂಗ್ ಗಲಾಟೆ ಮುಗಿಯೋವರೆಗೂ ಮನೇಲೇ ಇದ್ಬಿಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಾ ಇದೀನಿ."

ನನಗೆ ರಕ್ಷಣೆ ಬೇಡ ಎಂದು ಅವ್ವ ಅಲ್ಲೇ ಬರೆದುಕೊಟ್ಟಳು. ಅವರು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು ಜೇಬಿಗಿಟ್ಟುಕೊಂಡರು. ಸಂಜೆ ಬಂದು, "ಬೆದರಿಕೆ ಎಷ್ಟಿದೆ ಅಂತ ತೀರ್ಮಾನ ಮಾಡೋದು ಇಲಾಖೆ ಅಂತೆ ಅಮ್ಮ," ಎಂದು ಹೇಳಿ ಹೋದರು. ಮಾರನೇ ದಿನ ಅವ್ವ ಸದನಕ್ಕೆ ಹೊರಟಳು. ಮುಂದೆ ರಸ್ತೆಯಲ್ಲಿ ಗಲಾಟೆ ಇದೆ, ಸ್ವಲ್ಪ ತಡೆಯಿರಿ ಎಂದರು. ತಡೆದಳು. ಮಧ್ಯಾಹ್ನ ಮತ್ತೆ ಹೊರಟರೆ ಸಾಹೇಬರ ಅಪ್ಪಣೆ ಬರಬೇಕು ಎಂದರು. ಅಪ್ಪಣೆ ಬರಲಿಲ್ಲ. ಯಾರೂ ಅವ್ವನಿಗೆ ಇಲ್ಲ ಎಂದು ಒಮ್ಮೆಯೂ ಹೇಳಲಿಲ್ಲ. ಆ ಒಂದು ಪದ ಸಿಕ್ಕಿದ್ದರೆ ಅದನ್ನೇ ಹಿಡಿದು ಜಗಳವಾಡಬಹುದಿತ್ತು.

ಪಕ್ಷದ ವಕೀಲರು ಕೋರ್ಟಿಗೆ ಅರ್ಜಿ ಹಾಕಿದರು. ಇದು ಬಂಧನವೇ ಅಲ್ಲ, ಬರೀ ಭದ್ರತೆ ಎಂದು ಸರ್ಕಾರದವರು ಹೇಳಿ, ವಿವರ ಕೊಡಲು ಸಮಯ ಕೇಳಿದರು. ಸಮಯ ಸಿಕ್ಕಿತು. ವಿಶ್ವಾಸಮತದ ದಿನ ಮಾತ್ರ ಯಾರಿಗೂ ಕಾಯದೆ ಹತ್ತಿರ ಬರುತ್ತಿತ್ತು.

ಮನೆ ಎಂದರೆ ಏನು ಎಂಬುದೇ ಆ ದಿನಗಳಲ್ಲಿ ನನಗೆ ಮರೆತುಹೋಯಿತು. ಹಿಂದಿನ ಓಣಿಯಲ್ಲಿ ಒಬ್ಬ ಪೇದೆ. ಬಟ್ಟೆ ಒಣಹಾಕಲು ಹೋದರೆ ಅವನ ಕಣ್ಣಿಗೆ ಬೀಳದ ಹಾಗೆ ಒಳ ಬಟ್ಟೆಗಳನ್ನು ಸೀರೆಯ ಕೆಳಗೆ ಹಾಕಬೇಕು. ಮಗಳು ಅಕ್ಷತಾ ಶಾಲೆಯಿಂದ ಬರುವಾಗ ತನ್ನ ಬೀದಿಗೆ ಬರಲು ಐಡಿ ಕಾರ್ಡ್ ತೋರಿಸಬೇಕು. ಶ್ರಾವಣದ ಮದುವೆಗಳಿಗೆ ಕೊಟ್ಟ ಬ್ಲೌಸುಗಳು ಮಿಷನ್ ಪಕ್ಕ ರಾಶಿ ಬಿದ್ದಿದ್ದವು. ಅಳತೆ ನೋಡಲು ಬಂದ ಹೆಂಗಸರನ್ನು ಬ್ಯಾರಿಕೇಡಿನ ಹತ್ತಿರವೇ ತಿರುಗಿಸಿ ಕಳಿಸುತ್ತಿದ್ದರು. ಮಹೇಶ್ ಅಂಗಡಿಗೆ ಇದ್ದಕ್ಕಿದ್ದಂತೆ ತಪಾಸಣೆಯವರು ಬಂದು ಅರ್ಧ ದಿನ ಶಟರ್ ಇಳಿಸಿ ಕೂತರು. ಅಷ್ಟು ವರ್ಷ ಯಾರೂ ತಿರುಗಿ ನೋಡದ ಅಂಗಡಿ ಅದು. ಅವ್ವ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ನಡೆಯುತ್ತಿದ್ದಳು. ನಡೆಯುವ ಸದ್ದು ಕೇಳಿ ಕೇಳಿ ನನಗೆ ತಲೆ ಕೆಡುತ್ತಿತ್ತು. ಕೂತುಕೋ ಎಂದು ರೇಗಿಬಿಟ್ಟರೆ ಅವಳು ಕೂರುವಳು. ಕೂತರೆ ನನಗೆ ಇನ್ನೂ ಸಂಕಟ.

ಹೆಂಗಸಿನ ಮನೆ ಎಂದು ಒಬ್ಬ ಮಹಿಳಾ ಪೇದೆಯನ್ನು ಬಾಗಿಲ ಒಳಗೇ ಕೂರಿಸಿದ್ದರು. ಸವಿತಾ ಎಂದು ಹೆಸರು, ಲಗ್ಗೆರೆಯವಳು. ಗಂಡ ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ಎರಡು ವರ್ಷದ ಮಗು ಅತ್ತೆಯ ಹತ್ತಿರ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮೈ ಹಿಡಿಮಾಡಿಕೊಂಡು ಕೂರುತ್ತಿದ್ದಳು. ಒಂದು ದಿನ ಅವಳ ಖಾಕಿ ಶರ್ಟಿನ ಕಂಕುಳ ಹೊಲಿಗೆ ಬಿಟ್ಟಿದ್ದು ಕಾಣಿಸಿತು. ಟವೆಲ್ ಹೊದ್ದುಕೊಂಡು ಕೂರು ಎಂದು ಹೇಳಿ ಶರ್ಟ್ ಇಸಿದುಕೊಂಡೆ. ಖಾಕಿ ದಾರ ಇರಲಿಲ್ಲ, ಕಂದು ಬಣ್ಣದ್ದರಲ್ಲೇ ಎರಡು ಸಲ ಹೊಲಿಗೆ ಹಾಕಿ ಕೊಟ್ಟೆ.

"ಅಕ್ಕ, ನಮ್ಗೂ ಇಷ್ಟ ಇಲ್ಲ ಈ ಡ್ಯೂಟಿ," ಎಂದಳು ಮೆಲ್ಲಗೆ. "ಮಗು ಮುಖ ನೋಡಿ ಎಷ್ಟ್ ದಿನ ಆಯ್ತೋ."

ಇಷ್ಟವಿಲ್ಲದವರೇ ಸೇರಿ ಇಷ್ಟು ಗಟ್ಟಿಯಾಗಿ ಕಾಯಬಲ್ಲರು ಎನ್ನುವುದು ನನಗೆ ಅರಗಿಸಿಕೊಳ್ಳಲು ಆಗುತ್ತಿರಲಿಲ್ಲ.

ಆಮೇಲೆ ಆ ಜಡಿಮಳೆ ಹಿಡಿಯಿತು. ಪೊಲೀಸರು ಅದುವರೆಗೆ ಗೇಟಿನ ಹೊರಗೆ, ರಸ್ತೆಯ ಮೇಲೆ ಇದ್ದರು. ರೇನ್‌ಕೋಟಿನೊಳಗೆ ನೀರು ಇಳಿದು ಬೂಟು ಪಚಪಚ ಎನ್ನುತ್ತಿತ್ತು. ಅವ್ವ ಪೂಜೆ ಮುಗಿಸಿ ಎಂದಿನಂತೆ ಗೇಟಿಗೆ ಹೋದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವಳು ಅತ್ತ ಇತ್ತ ನೋಡಲಿಲ್ಲ. ಎದುರಿಗೇ ಇದ್ದರಲ್ಲ.

"ಉಂಡೀರೇನ್ರಪ್ಪಾ?" ಎಂದಳು.

"ಗಾಡಿ ಇನ್ನೂ ಬಂದಿಲ್ಲ ಅಮ್ಮ," ಎಂದರು ಪುಟ್ಟಸ್ವಾಮಿ.

ಅವ್ವ ನಮ್ಮ ಬೀಗ ತೆಗೆದು ಗೇಟು ಪೂರ್ತಿ ತೆರೆದಳು. "ಬರ್ರಿ ಒಳಗ. ಪಡಸಾಲ್ಯಾಗ ಕುಂದರ್ರಿ. ಮಳಿಯಾಗ ನಿಂತವರನ್ನ ನೋಡ್ಕೋತ ನಾ ಹೆಂಗ ಉಣ್ಲಿ?"

ಅವರು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಬೂಟು ಕಳಚಿ ಪೋರ್ಟಿಕೊಗೆ ಬಂದು ಸಾಲಾಗಿ ಕೂತರು. ರೇನ್‌ಕೋಟುಗಳು ಗೋಡೆ ಏರಿದವು. ಅವ್ವ ತಾನೇ ಕೂತು ರೊಟ್ಟಿ ಬಡಿದಳು. ನಾನು ಸಿಟ್ಟಿನಲ್ಲೇ ಬದನೆಕಾಯಿ ಎಣಗಾಯಿ ಮಾಡಿದೆ, ಶೇಂಗಾ ಚಟ್ನಿ ತೆಗೆದೆ. ರೊಟ್ಟಿಯ ಬಿಸಿಗೆ ಒಬ್ಬ ಪೇದೆ ಕೈ ಒದರಿಕೊಂಡದ್ದನ್ನು ನೋಡಿ ಅವ್ವ ಬಾಯಿ ತುಂಬ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ. ನನ್ನ ಸಿಟ್ಟೂ ಸ್ವಲ್ಪ ಇಳಿಯಿತು. ದಿನವೂ ಹಾಗೇ ನಡೆಯಿತು. ಅವರು ನಮ್ಮ ಪೋರ್ಟಿಕೊದಲ್ಲೇ ಉಳಿದುಕೊಂಡರು.

ಆ ನಗು ಟಿವಿಯಲ್ಲಿ ಬಂತು. ಎದುರಿನ ಸಾಲಿನ ಯಾವುದೋ ಬಾಲ್ಕನಿಯಿಂದ ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪೊಲೀಸರ ತಟ್ಟೆಗೆ ಎಣಗಾಯಿ ಬಡಿಸುತ್ತಿದ್ದಾಳೆ, ನಗುತ್ತಿದ್ದಾಳೆ. ಹಿಂದೆ ನಮ್ಮ ಗೇಟು ಹಾರುಹೊಡೆದಿದೆ. ಅದನ್ನೇ ಮತ್ತೆ ಮತ್ತೆ ತೋರಿಸಿದರು. ಮುಖ್ಯಮಂತ್ರಿಗಳು ಮೈಕುಗಳ ಮುಂದೆ ನಿಂತು, "ನೀವೇ ನೋಡಿ, ಇದು ಬಂಧನವಾ? ತಾಯಿ ನಮ್ಮ ಪೊಲೀಸರಿಗೆ ಊಟ ಹಾಕ್ತಾ ಇದ್ದಾರೆ," ಎಂದು ತಾವೂ ನಕ್ಕರು. ಕೋರ್ಟಿನಲ್ಲಿಯೂ ಅದನ್ನೇ ತೋರಿಸಿದರಂತೆ.

ಆ ಸಂಜೆ ಪಕ್ಷದ ನಾಯಕರ ಫೋನು ಬಂತು. ಸ್ಪೀಕರ್‌ನಲ್ಲಿ ಇತ್ತು, ನಾವೆಲ್ಲ ಕೇಳಿಸಿಕೊಂಡೆವು.

"ರೆಸಾರ್ಟಿಗೆ ಬನ್ನಿ ಅಂದ್ರೆ ಬರಲಿಲ್ಲ. ಈಗ ಅವರಿಗೆ ಊಟ ಹಾಕ್ತಿದೀರಿ. ಜನ ಏನೇನೋ ಮಾತಾಡ್ತಿದಾರೆ ಪಾರ್ವತಮ್ಮ. ಒಳಗೆ ಏನಾದ್ರೂ ಮಾತುಕತೆ ಆಗಿದ್ರೆ ಈಗ್ಲೇ ಹೇಳಿಬಿಡಿ."

ಅವ್ವ ಫೋನನ್ನು ನನ್ನ ಕೈಗೆ ಕೊಟ್ಟಳು. ಊರಿನಿಂದಲೂ ಫೋನುಗಳು ಬಂದವು. ಕೆರೆಯ ಜಗಳದಲ್ಲಿ ಜೊತೆಗಿದ್ದ ಹೆಂಗಸೊಬ್ಬಳು, "ಹೌದೇನಬೇ, ನೀನೂ ಆ ಕಡೆ ಹೊಂಟೀಯಂತ?" ಎಂದು ಕೇಳಿದಾಗ ಅವ್ವನ ಮುಖ ಸಣ್ಣಗಾದದ್ದನ್ನು ನಾನು ಮರೆಯಲಾರೆ. ಪೊಲೀಸರು ಏನು ಮಾಡಿದರೂ ಆ ಮುಖ ಹಾಗಾಗಿರಲಿಲ್ಲ.

ಮರುದಿನ ದೊಡ್ಡ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದು ಪೋರ್ಟಿಕೊ, ಗೇಟು ಎಲ್ಲ ನೋಡಿಕೊಂಡು ಹೋದರು. ಹೋದ ಮೇಲೆ ನಮ್ಮ ಗೇಟಿಗೆ ಹೊಸದೊಂದು ಬೀಗ ಬಿತ್ತು, ಒಳಗಡೆಯಿಂದ. ಮಳೆಯೆಂದು ನಾವೇ ಒಳಗೆ ಕರೆದುಕೊಂಡವರು, ನಮ್ಮದೇ ಪೋರ್ಟಿಕೊದಲ್ಲಿ ಕೂತು, ನಮ್ಮದೇ ಗೇಟಿನ ಕೀಲಿ ಇಟ್ಟುಕೊಂಡರು. ಹೊರಗೆ ರಸ್ತೆಯಲ್ಲಿ ನಿಂತಿದ್ದಾಗ ನೋಡಿದವರಿಗೆಲ್ಲ ಕಾವಲು ಕಾಣುತ್ತಿತ್ತು. ಈಗ ಹಾದುಹೋಗುವವರಿಗೆ ಕಾಣುತ್ತಿದ್ದದ್ದು ನೆಂಟರು ಬಂದ ಮನೆ.

ಮಹೇಶ್‌ಗೆ ಅಂದು ತಡೆಯಲಾಗಲಿಲ್ಲ. "ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಇನ್ಮೇಲೆ ಇವ್ರಿಗೆ ಒಂದ್ ಲೋಟ ನೀರೂ ಬೇಡ," ಎಂದರು.

ನಾನೂ ದನಿಗೂಡಿಸಿದೆ. "ಹೌದವ್ವಾ. ನೀ ಉಣಿಸಿದ್ದ ನಮ್ಮ ಕುತ್ತಿಗಿಗೆ ಬಂತು."

ಮಾರನೇ ಬೆಳಿಗ್ಗೆ ಅವ್ವ ಪೂಜೆ ಮುಗಿಸಿ ಬಾಗಿಲಿಗೆ ಹೋದಳು. ಪೋರ್ಟಿಕೊದಲ್ಲಿ ಕೂತವರು ತಲೆ ತಗ್ಗಿಸಿದರು. ಅವರ ಗಾಡಿ ಅಂದೂ ತಡವಾಗಿತ್ತು. ಅವ್ವ ಸ್ವಲ್ಪ ಹೊತ್ತು ಹೊಸ್ತಿಲ ಮೇಲೆ ನಿಂತಿದ್ದು ಒಳಗೆ ಬಂದಳು. ನಾನು ಹಾಕಿಟ್ಟ ತಾಟಿನ ಮುಂದೆ ಕೂತಳು. ರೊಟ್ಟಿ ಮುರಿದಳು. ಮುರಿದದ್ದನ್ನು ತಾಟಿನಲ್ಲೇ ಇಟ್ಟಳು.

"ಉಣ್ಣವ್ವಾ."

"ಬಾಗಿಲಾಗ ಹಸದು ಕುಂತಾರ. ಕೊಟ್ಟರ ನಾ ಮಾರ್ಕೊಂಡೆ ಅಂತಾರ. ಕೊಡ್ಲಿಲ್ಲ ಅಂದ್ರ ನನಗ ತುತ್ತ ಇಳಿಯಂಗಿಲ್ಲ." ತಾಟನ್ನು ಪಕ್ಕಕ್ಕೆ ಸರಿಸಿದಳು. "ನನ್ನ ಮಗಳ ಮನ್ಯಾಗ ನನಗ ಉಣ್ಣಾಕ ಬರದಂಗ ಮಾಡಿದ್ರು ನೋಡು."

ಎದ್ದು ಹೋಗಿ ಪುಟ್ಟಸ್ವಾಮಿಯವರನ್ನು ಕೇಳಿಯೂ ಕೇಳಿದಳು. "ತಮ್ಮಾ, ನೀವು ಗೇಟಿನ ಹೊರಗ ಹೋಗ್ರಿ. ಮೊದಲಿನಂಗ ರಸ್ತ್ಯಾಗ ಇರ್ರಿ. ನಾ ಒಂದ್ ತುತ್ತು ಉಣ್ತೀನಿ."

"ಇಲ್ಲೇ ಇರಿ ಅಂತ ಹೇಳಿದಾರೆ ಅಮ್ಮ," ಎಂದರು ಅವರು, ನೆಲ ನೋಡುತ್ತ.

ಅವ್ವ ಉಪವಾಸ ಸತ್ಯಾಗ್ರಹ ಮಾಡಲಿಲ್ಲ. ಯಾರಿಗೂ ಹೇಳಲಿಲ್ಲ, ಫೋಟೊ ತೆಗೆಸಲಿಲ್ಲ. ಹಾಲು, ಬಾಳೆಹಣ್ಣು ತೆಗೆದುಕೊಳ್ಳುವಳು, ಅಷ್ಟೇ. ಹೊರಗೆ ಅವರ ಚಿತ್ರಾನ್ನದ ಪೊಟ್ಟಣಗಳು ಬಂದರೆ ಅವರು ನಮ್ಮ ಬಾಗಿಲಿಗೆ ಬೆನ್ನು ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿಕೊಂಡು ತಿನ್ನುತ್ತಿದ್ದರು. ಸವಿತಾ ತನ್ನ ಪೊಟ್ಟಣವನ್ನು ಬಿಚ್ಚದೆ ಸ್ಟೂಲಿನ ಕೆಳಗೆ ಇಡುತ್ತಿದ್ದಳು. ಒಳಗೆ ನಾವು, ಹೊರಗೆ ಅವರು, ಯಾರಿಗೂ ಊಟ ಊಟವಾಗಿ ಉಳಿಯಲಿಲ್ಲ.

ವಿಶ್ವಾಸಮತದ ದಿನ ಅವ್ವ ಇಳಕಲ್ ಸೀರೆ ಉಟ್ಟಳು. ವಿಭೂತಿ ಹಚ್ಚಿಕೊಂಡಳು. ಶಾಸಕರ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡಳು, ಯಾವತ್ತೂ ಹಾಕಿಕೊಂಡವಳಲ್ಲ. ಮಹೇಶ್ ಕಾರನ್ನು ಹಿಂದಿನ ರಾತ್ರಿಯೇ ಬ್ಯಾರಿಕೇಡಿನ ಆಚೆ ಬಿಟ್ಟು ಬಂದಿದ್ದರು. ಬಾಗಿಲು ದಾಟುವಾಗ ಅವ್ವ, "ಸಂಜಿಮುಂದ ಬರ್ತೀನಿ, ರೊಟ್ಟಿ ಮಾಡಿಡು," ಎಂದಳು. ನಂಬಿಯೇ ಹೇಳಿದಳೋ ನನ್ನ ಸಮಾಧಾನಕ್ಕೋ ಇವತ್ತಿಗೂ ಗೊತ್ತಿಲ್ಲ.

ಪುಟ್ಟಸ್ವಾಮಿ ಎದ್ದು ನಿಂತರು.

"ಕೀಲಿ ಕೊಡ್ರಿ."

"ಕೀ ನನ್ ಹತ್ರ ಇಲ್ಲ ಅಮ್ಮ. ಬೆಳಿಗ್ಗೆ ಸಾಹೇಬ್ರು ತಗೊಂಡ್ ಹೋದ್ರು."

ಅವ್ವ ಒಂದು ಗಳಿಗೆ ಗೇಟನ್ನು ನೋಡಿದಳು. ಅರವತ್ತು ದಾಟಿದವಳು, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಗೇಟಿನ ಅಡ್ಡಪಟ್ಟಿಯ ಮೇಲೆ ಕಾಲಿಟ್ಟಳು. ಕೆರೆಯ ಏರಿ ಹತ್ತಿದ ಕಾಲು ಅದು. ಮೇಲಿನ ಸರಳಿಗೆ ಕೈ ಸಿಕ್ಕಿತ್ತು. ಅಷ್ಟರಲ್ಲಿ ಪುಟ್ಟಸ್ವಾಮಿ ಬೇರೆ ಕಡೆ ಮುಖ ಮಾಡಿಕೊಂಡು, "ಇಳಿಸ್ರಮ್ಮ," ಎಂದರು.

ಮಹಿಳಾ ಪೇದೆಯರು ಮೂವರು ಬಂದರು, ಇಬ್ಬರು ಅಂದೇ ಡ್ಯೂಟಿಗೆ ಬಂದವರು. ಅವ್ವನ ಬೆರಳುಗಳನ್ನು ಸರಳಿನಿಂದ ಒಂದೊಂದಾಗಿ ಬಿಡಿಸಿದರು. ಎಳೆದಾಡಲಿಲ್ಲ, ಬೈಯಲಿಲ್ಲ. ಸೊಂಟಕ್ಕೂ ಮಂಡಿಗೂ ಕೈ ಕೊಟ್ಟು, ಆಸ್ಪತ್ರೆಯಲ್ಲಿ ಎತ್ತುವ ಹಾಗೆ ಎತ್ತಿ, ಪೋರ್ಟಿಕೊಗೆ ತಂದು ಇಳಿಸಿದರು. ಮುಂದೆ ಹಿಡಿದವಳು ಸವಿತಾ. ಅವಳು ತೋಳೆತ್ತಿದಾಗ ಕಂಕುಳಲ್ಲಿ ನಾನು ಹಾಕಿದ ಕಂದು ದಾರದ ಹೊಲಿಗೆ ಕಂಡಿತು. ಗಟ್ಟಿಯಾಗಿತ್ತು, ಒಂದು ಎಳೆಯೂ ಬಿಟ್ಟಿರಲಿಲ್ಲ. ನಾನು ಓಡಿ ಹೋಗಿ ಅವಳ ತೋಳು ಜಗ್ಗಿದೆ. "ನಾಚಿಕೆ ಆಗಲ್ವೇನೇ ನಿಂಗೆ? ಅವಳ ಕೈಯಡುಗೆ ಊಟ ಮಾಡಿದೀಯ," ಎಂದೆ. ಅವಳು ನನ್ನ ಮುಖ ನೋಡಲಿಲ್ಲ. ಮಹೇಶ್ ನನ್ನನ್ನು ಹಿಡಿದುಕೊಂಡರು. ಎದುರಿನ ಬಾಲ್ಕನಿಗಳಲ್ಲಿ ಅಂದು ಒಬ್ಬರೂ ಇರಲಿಲ್ಲ.

ಅವ್ವ ಒಳಗೆ ಬಂದು ಟಿವಿಯ ಮುಂದೆ ಕೂತಳು. ಚರ್ಚೆ ಮಧ್ಯಾಹ್ನದವರೆಗೂ ನಡೆಯಿತು. ನಮ್ಮ ವಿಧಾನಸಭೆಯಲ್ಲಿ ಇಂಥ ಮತವನ್ನು ಎಣಿಸುವುದು ತಲೆ ಲೆಕ್ಕದಿಂದ. ಒಂದೊಂದು ಸಾಲಿನವರು ಎದ್ದು ನಿಲ್ಲಬೇಕು, ಸಿಬ್ಬಂದಿ ಎಣಿಸಿಕೊಂಡು ಹೋಗುತ್ತಾರೆ. ಮೊದಲು ಸರ್ಕಾರದ ಪರ ಇದ್ದವರು ಎದ್ದರು, ಕೂತರು. ಆಮೇಲೆ ವಿರೋಧದವರ ಸರದಿ. ಅವ್ವನ ಕುರ್ಚಿ ಮೂರನೇ ಸಾಲಿನಲ್ಲಿ, ಓಡಾಡುವ ದಾರಿಯ ಪಕ್ಕಕ್ಕೆ. ಗೆದ್ದು ಬಂದ ಹೊಸದರಲ್ಲಿ ಟಿವಿಯ ಗಾಜಿನ ಮೇಲೆ ಬೆರಳಿಟ್ಟು ನಮಗೆಲ್ಲ ಅದನ್ನು ತೋರಿಸಿದ್ದಳು. ಮೊದಲ ಸಾಲು ಎದ್ದಿತು. ಎರಡನೆಯದು ಎದ್ದಿತು.

ಮೂರನೇ ಸಾಲು ಏಳುವಾಗ ಅವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ನಮ್ಮ ಹಾಲಿನಲ್ಲಿ, ಸೋಫಾ ಮತ್ತು ಟಿವಿಯ ನಡುವೆ, ಎರಡೂ ಕೈ ಪಕ್ಕಕ್ಕೆ ಬಿಟ್ಟುಕೊಂಡು. ತೆರೆಯ ಮೇಲೆ ಆ ಸಾಲಿನ ತುದಿಯ ಕುರ್ಚಿ ಖಾಲಿ ಇತ್ತು. ಎಣಿಸುವವರು ಅದನ್ನು ದಾಟಿ ಮುಂದೆ ಹೋದರು.

ನನಗೆ ನೋಡಲಾಗಲಿಲ್ಲ. "ಕುಂದ್ರವ್ವಾ," ಎಂದೆ.

"ತಡಿ," ಎಂದಳು. "ನನ್ನ ಸಾಲಿನ ಎಣಿಕಿ ಇನ್ನೂ ಮುಗದಿಲ್ಲ."

ಬಾಗಿಲ ಹತ್ತಿರ ಸ್ಟೂಲು ಸರಿದ ಸದ್ದಾಯಿತು. ಸವಿತಾ ಎದ್ದು ನಿಂತಿದ್ದಳು. ಯಾರೂ ಅವಳಿಗೆ ಹೇಳಿರಲಿಲ್ಲ. ಅವಳು ಎದ್ದದ್ದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ, ಸಿಟ್ಟು ಇನ್ನೂ ಹೆಚ್ಚಿತು. ನಿನ್ನ ಎದ್ದು ನಿಲ್ಲುವಿಕೆಯನ್ನು ಯಾರು ಎಣಿಸುತ್ತಾರೆ ಎಂದು ಕೇಳಬೇಕೆನಿಸಿತು. ಆದರೆ ಅದೇ ಮಾತು ಅವ್ವನಿಗೂ ತಗಲುತ್ತದೆ ಎಂದು ನುಂಗಿಕೊಂಡೆ. ಸಾಲು ಕೂತ ಮೇಲೆ ಅವ್ವ ಕೂತಳು.

ಸರ್ಕಾರ ಕೂದಲೆಳೆಯ ಅಂತರದಲ್ಲಿ ಉಳಿಯಿತು. ಗೈರಾದವರು ಅವ್ವ ಒಬ್ಬಳೇ ಅಲ್ಲ. ಇನ್ನೊಬ್ಬರಿಗೂ ಅವರ ಊರಿನಲ್ಲಿ ಇಂಥದೇ ರಕ್ಷಣೆ ಸಿಕ್ಕಿತ್ತಂತೆ, ಮತ್ತೊಬ್ಬರನ್ನು ಹಳೆಯ ಯಾವುದೋ ಕೇಸಿಗೆಂದು ಆ ಬೆಳಿಗ್ಗೆಯೇ ವಿಚಾರಣೆಗೆ ಕರೆದಿದ್ದರಂತೆ. ಮುಖ್ಯಮಂತ್ರಿಗಳು ಪ್ರಜಾಪ್ರಭುತ್ವ ಗೆದ್ದಿದೆ ಎಂದರು.

ಬ್ಯಾರಿಕೇಡುಗಳು ಆ ಸಂಜೆಯೇ ಲಾರಿ ಹತ್ತಿದವು. ರೇನ್‌ಕೋಟುಗಳು ಗೋಡೆಯಿಂದ ಇಳಿದವು. ಜೀವ ಬೆದರಿಕೆ ಏನಾಯಿತು ಎಂದು ಕೇಳಲು ಅವ್ವ ಹೊರಗೆ ಬಂದರೆ ಕೇಳಲು ಒಬ್ಬರೂ ಉಳಿದಿರಲಿಲ್ಲ. ಗೇಟು ಹಾಗೇ ತೆರೆದುಕೊಂಡಿತ್ತು. ಅವ್ವ ಅದನ್ನು ದಾಟಲಿಲ್ಲ. ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಅಂದು ನಾನು ರೊಟ್ಟಿ ಮಾಡಿದೆ, ಅವಳು ಉಂಡಳು. ಬಾಗಿಲಿಗೆ ಹೋಗಿ ನೋಡದೆ ಅವಳು ಉಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಒಂದು ವಾರದಲ್ಲಿ ಪಕ್ಷದಿಂದ ನೋಟಿಸು ಬಂತು, ಮತಕ್ಕೆ ಯಾಕೆ ಗೈರಾದಿರಿ ಎಂದು. ಕೋರ್ಟಿನ ಅರ್ಜಿಗೆ ಈಗ ಅರ್ಥ ಉಳಿದಿಲ್ಲವೆಂದು ಮುಗಿಸಿದರು. ಅವ್ವ ನೋಟಿಸಿಗೆ ಉತ್ತರ ಕೊಟ್ಟಳು, ಅವಧಿ ಮುಗಿಸಿದಳು, ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಊರಿನಲ್ಲಿ ಈಗಲೂ ಕೆಲವರು ಆ ವಿಡಿಯೊ ಮಾತೆತ್ತುತ್ತಾರೆ. ನಾವು ಆ ಮನೆ ಬಿಟ್ಟು ಇಲ್ಲಿಗೆ ಬಂದೆವು, ಗೇಟು ನಮ್ಮದಲ್ಲದ ನಾಲ್ಕನೇ ಮಹಡಿಗೆ. ಬೇಕೆಂದೇ ಆರಿಸಿಕೊಂಡದ್ದು.

ಮೊನ್ನೆ ಮೆಟ್ಟಿಲು ಹತ್ತಿ ಬಂದು ಊರಿನಲ್ಲಿರುವ ಅವ್ವನಿಗೆ ಫೋನು ಮಾಡಿದೆ. ಇಲ್ಲಿ ಮಳೆ, ಅಲ್ಲಿ ಮೋಡ ಎಂದು ಮಾತಾಡಿದೆವು. ರಂಗಪ್ಪನವರ ರೇನ್‌ಕೋಟಿನ ಮಾತನ್ನು ಹೇಳಬಾರದು ಎಂದುಕೊಂಡಿದ್ದೆ, ಬಾಯಿಗೆ ಬಂದುಬಿಟ್ಟಿತು. 'ಆ ವಾಸನಿ ನನಗೂ ಹೋಗಿಲ್ಲ' ಎನ್ನುತ್ತಾಳೆ ಎಂದುಕೊಂಡೆ.

"ಉಂಡಾನಂತೇನು ಅಂವಾ?" ಎಂದಳು.

"ಗೊತ್ತಿಲ್ಲವ್ವಾ."

"ಕೇಳಬೇಕಿಲ್ಲೋ, ಹುಚ್ಚಿ."

ತಟ್ಟೆಗೆ ಎರಡು ರೊಟ್ಟಿ, ಪಲ್ಯ ಹಾಕಿಕೊಂಡು ಕೆಳಗಿಳಿದೆ. ರಂಗಪ್ಪನವರು ಕುರ್ಚಿಯಲ್ಲಿ ಮುದುರಿಕೊಂಡು ಮಳೆ ನೋಡುತ್ತಿದ್ದರು. ಕೊನೆಯ ಮೆಟ್ಟಿಲ ಮೇಲೆ ನಿಂತೆ. ತಟ್ಟೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಮೊದಲು ಎದುರು ಕಟ್ಟಡದ ಬಾಲ್ಕನಿಗಳನ್ನು ಒಂದೊಂದಾಗಿ ನೋಡಿದೆ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಕೊಟ್ಟೆ.